ಸ್ಟುಟ್‌ಗಾರ್ಟಿನ ಕುದುರೆಯೂ ಅದರ ಮೂಲ್ಯವೂ

ವಿಜಯನಗರದ ಅರಸರು ಕಡಲಾಚೆಯ ಕುದುರೆಗಳನ್ನು ಭಟ್ಕಳ, ಗೋವೆಗಳ ಮಾರ್ಗವಾಗಿ ತರಿಸಿಕೊಂಡು ಅವುಗಳಿಗೆ ಅಪಾರವಾದ ಹಣವನ್ನು ತೆರುತ್ತಿದ್ದರೆಂದು ನಾವು ಮೂವತ್ತನಾಲ್ಕು ವರ್ಷಗಳ ಕಾಲ ಹುಡುಗರಿಗೆ ಪಾಠ ಹೇಳಿದೆವು. ಕೊಳ್ಳುವ ಮೊದಲು ಅಶ್ವಲಕ್ಷಣವನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಬೇಕೆಂಬುದು ನಮ್ಮ ಹಿರಿಯರ ಪದ್ಧತಿ. ಕುದುರೆಯ ಸುಳಿಯನ್ನಾಗಲಿ ಹಲ್ಲನ್ನಾಗಲಿ ನೋಡಿ ಅರಿಯದ ನಮ್ಮನ್ನು ಅಂತಹುದೊಂದು ಪರೀಕ್ಷೆಗೆ ಯಾರಾದರೂ ಕರೆದಾರೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆದರೆ ಕಳೆದ ಬೇಸಗೆಯಲ್ಲಿ ಹಾಗೆಯೇ ಆಯಿತು. ಕುದುರೆ ಮಾತ್ರ ಕಬ್ಬಿಣದ್ದು.

ನಮ್ಮ ಹಿರಿಯ ಮಗನು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಇಂಜಿನಿಯರಾಗಿ ಏಳು ವರ್ಷಗಳಿಂದ ಇರುವನು. ನಮಗೆ ನಿವೃತ್ತಿಯಾದೊಡನೆ, "ಅಣ್ಣ, ನೀವೂ ಅಮ್ಮನೂ ಒಂದು ತಿಂಗಳು ಬಂದು ಇದ್ದುಹೋಗಿ. ಇಲ್ಲಿ ಒಂದು ವಿಷಯದಲ್ಲಿ ನಿಮ್ಮ ಮಾತು ಬೇಕಾಗಿದೆ" ಎಂದು ಹೇಳಿ ಕರೆಸಿಕೊಂಡನು. ಹೋದ ಎರಡನೆಯ ದಿನವೇ ವಿಷಯವು ತಿಳಿಯಿತು. ಅವನಿಗೆ ಹುಡುಗನಾಗಿದ್ದಾಗಿನಿಂದ ಪೋರ್ಷೆ ಎಂಬ ಓಟದ ಮೋಟಾರು ಗಾಡಿಯ ಮೇಲೆ ಆಸೆ. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲ. ಹತ್ತು ವರ್ಷ ಓಡಿದ ಒಂದು ಗಾಡಿಯು ಹೊಸದರ ಅರ್ಧ ಬೆಲೆಗೆ, ಎಂದರೆ ಅರುವತ್ತೈದು ಸಾವಿರ ಯೂರೋಗಳಿಗೆ, ದೊರೆಯುವಂತಿತ್ತು. ಏಳು ವರ್ಷಗಳ ಉಳಿತಾಯ ಐವತ್ತು ಸಾವಿರ, ಮಿಕ್ಕುದಕ್ಕೆ ಸಾಲ. "ಆ ಬೆಲೆಗೆ ಅದು ತಕ್ಕುದೇ ಅಲ್ಲವೇ, ನೀವೇ ನೋಡಿ ಹೇಳಬೇಕು" ಎಂದನು. ನಮ್ಮ ಮನೆಯಾಕೆ, "ಮನೆ ಕೊಳ್ಳುವ ಮಾತೆಂದುಕೊಂಡೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಸೊಸೆಯು ಮಗುವಿಗೆ ಅನ್ನ ಕಲಸುತ್ತಿದ್ದವಳು ತಲೆಯನ್ನೆತ್ತಲಿಲ್ಲ.

ನಾವು ಮನಸ್ಸಿನಲ್ಲಿಯೇ ತೀರ್ಪನ್ನು ಬರೆದು ಮುಗಿಸಿದ್ದೆವು. ಹೊಸ ಗಾಡಿಯ ಬೆಲೆ ಆ ದೇಶದಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ಯೂರೋಗಳಿಗೂ ಮೇಲೆ. ನಮ್ಮ ನಾಣ್ಯದಲ್ಲಿ ಕೋಟಿಯನ್ನು ಮೀರುವುದು. ಅದೇ ಗಾಡಿಯು ನಮ್ಮ ದೇಶದ ಅಂಗಡಿಗೆ ಬರುವಷ್ಟರಲ್ಲಿ ಸುಂಕ ತೆರಿಗೆಗಳು ಸೇರಿ 2024ರಲ್ಲಿ ಎರಡು ಕೋಟಿಯ ಸಮೀಪಕ್ಕೆ ಮುಟ್ಟಿದ್ದಿತು. ಒಂದು ರಾತ್ರಿ ನಿದ್ದೆ ಬಾರದೆ ನಮ್ಮ ಸೇವಾವಧಿಯ ಸಂಬಳವನ್ನೆಲ್ಲ ಮೊದಲ ತಿಂಗಳಿನಿಂದ ಕಡೆಯ ತಿಂಗಳಿನವರೆಗೆ ಅಂದಾಜಿನಿಂದ ಕೂಡಿಸಿದೆವು. ಒಂದು ಕೋಟಿಯ ಆಸುಪಾಸಿಗೆ ಬಂದು ನಿಂತಿತು. ಸಾವಿರಾರು ಮಕ್ಕಳಿಗೆ ಶಬ್ದಮಂಜರಿಯನ್ನು ಬಾಯಿಪಾಠ ಮಾಡಿಸಿದ ಒಂದು ಜೀವಮಾನವು ಆ ಗಾಡಿಯ ನಾಲ್ಕು ಚಕ್ರಗಳಿಗೆ ಸಾಕು, ಮೇಲಿನ ಒಡಲಿಗೆ ಸಾಲದು! ಹೀಗಿರುವಾಗ ನಮ್ಮ ತೀರ್ಪು ಏನೆಂಬುದನ್ನು ವಾಚಕರು ಊಹಿಸಬಹುದು. ಆದರೂ ನೋಡದೆ ನುಡಿಯುವುದು ಉಪಾಧ್ಯಾಯನಿಗೆ ತಕ್ಕ ಮಾತಲ್ಲವೆಂದು ನೋಡುವುದಕ್ಕೆ ಹೊರಟೆವು.

ಸ್ಟುಟ್‌ಗಾರ್ಟ್ ನಗರವು ಒಂದು ಬೋಗುಣಿಯ ತಳದಲ್ಲಿ ಇದ್ದಂತೆ ಇರುವುದು. ಸುತ್ತಲೂ ಗುಡ್ಡಗಳು, ಗುಡ್ಡಗಳ ಓರೆಯಲ್ಲಿ, ಊರಿನ ಒಳಗೇ, ದ್ರಾಕ್ಷಿಯ ತೋಟಗಳು. ಪೂರ್ವಕ್ಕೆ ನೆಕ್ಕಾರ್ ನದಿ. ಊರಿನ ಹೆಸರಿನ ಅರ್ಥವನ್ನು ಕೇಳಿದಾಗ ನಮಗೆ ಬಹಳ ಸಂತೋಷವಾಯಿತು. ಹಿಂದೆ ಅಲ್ಲಿ ಹೆಣ್ಣು ಕುದುರೆಗಳನ್ನು ಸಾಕುವ ತೋಟವಿದ್ದಿತಂತೆ. ಆ ತೋಟವೇ ಊರಾಗಿ ಬೆಳೆಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಶ್ವವಾಟಿಕೆ. ನಗರದ ಲಾಂಛನದಲ್ಲಿ ಕುಣಿಯುವ ಕುದುರೆಯೇ ಪೋರ್ಷೆ ಗಾಡಿಯ ಮೂಗಿನ ಮೇಲಿನ ಬಿಲ್ಲೆಯ ನಡುವೆಯೂ ಇರುವುದು.

ನಮ್ಮ ನಾಡಿಗೂ ಈ ಊರಿಗೂ ಒಂದು ಹಳೆಯ ನಂಟುಂಟು. ರಾಬರ್ಟ್ ಬಾಷ್ ಎಂಬಾತನು 1886ರಲ್ಲಿ ತನ್ನ ಸಣ್ಣ ಕಮ್ಮಟವನ್ನು ತೆರೆದುದು ಇಲ್ಲಿಯೇ. ಬೆಂಗಳೂರಿನ ಆಡುಗೋಡಿಯಲ್ಲಿ ಹಳಬರು ಇಂದಿಗೂ "ಮೈಕೋ" ಎಂದು ಕರೆಯುವ ಕಾರ್ಖಾನೆಯು 1951ರಲ್ಲಿ ಹುಟ್ಟಿದುದು ಆ ಸಂಸ್ಥೆಯ ಕೊಂಬೆಯಾಗಿ. ಆದುದರಿಂದ ಸ್ಟುಟ್‌ಗಾರ್ಟಿನ ಬೀದಿಯಲ್ಲಿ ಕನ್ನಡವು ಕಿವಿಗೆ ಬಿದ್ದರೆ ಬೆಚ್ಚಬೇಕಾದುದಿಲ್ಲ.

ಊರಿನ ಉತ್ತರದ ಅಂಚಿನಲ್ಲಿ ಟ್ಸುಫೆನ್‌ಹೌಸೆನ್ ಎಂಬ ಭಾಗವಿರುವುದು. ಉಪನಗರದ ರೈಲಿನಲ್ಲಿ ಹೋಗಿ ನಾಯ್‌ವಿರ್ಟ್ಸ್‌ಹೌಸ್ ಎಂಬ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಪೋರ್ಷೆಯವರ ವಸ್ತುಪ್ರದರ್ಶನ ಶಾಲೆ. 2009ರಲ್ಲಿ ತೆರೆದ ಈ ಮಹಾಸೌಧವು ಮೂರೇ ಮೂರು ಕಂಬಗಳಂತಹ ಆಧಾರಗಳ ಮೇಲೆ ನೆಲವನ್ನು ಬಿಟ್ಟು ಎತ್ತರದಲ್ಲಿ ನಿಂತಿರುವುದು. ಒಳಗೆ ಎಂಬತ್ತರಷ್ಟು ಗಾಡಿಗಳನ್ನು ಕಾಲಕ್ರಮದಲ್ಲಿ ಇರಿಸಿರುವರು. ಇವು ಬೊಂಬೆಗಳಲ್ಲ, ಬಹುಪಾಲು ಇಂದಿಗೂ ಓಡುವ ಸ್ಥಿತಿಯಲ್ಲಿರುವುವು. ಅವುಗಳನ್ನು ರಿಪೇರಿ ಮಾಡುವ ಕಮ್ಮಟವನ್ನು ಬಾಗಿಲ ಬಳಿಯಲ್ಲಿಯೇ ಗಾಜಿನ ಹಿಂದೆ ಕಾಣುವಂತೆ ಕಟ್ಟಿರುವರು. ಅಲ್ಲಿ ನಮ್ಮ ವಯಸ್ಸಿನವನೊಬ್ಬನು ಕನ್ನಡಕವನ್ನು ಹಣೆಗೇರಿಸಿಕೊಂಡು ಹಳೆಯ ಎಂಜಿನಿನ ಒಂದು ತುಂಡನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬೆರಳಿನಿಂದ ಸವರಿ, ಪುನಃ ಅರದಿಂದ ಉಜ್ಜಿ, ಪುನಃ ಬೆಳಕಿಗೆ ಹಿಡಿಯುತ್ತಿದ್ದನು. ಕಾಲು ಗಂಟೆಯ ಹೊತ್ತು ನಿಂತು ನೋಡಿದೆವು. ಅಷ್ಟು ಹೊತ್ತಿನಲ್ಲಿ ಆತನು ಆ ಒಂದು ತುಂಡನ್ನು ಕೆಳಗಿಡಲಿಲ್ಲ. ನಮ್ಮ ತೀರ್ಪಿನಲ್ಲಿ ಮೊದಲನೆಯ ಬಿರುಕು ಬಿದ್ದುದು ಅಲ್ಲಿ.

ಈ ಮನೆತನದ ಮೂಲಪುರುಷನಾದ ಫೆರ್ಡಿನಾಂಡ್ ಪೋರ್ಷೆಯು 1875ರಲ್ಲಿ ಬೊಹೀಮಿಯಾ ಪ್ರಾಂತದಲ್ಲಿ ಹುಟ್ಟಿದನು. 1900ರ ಪ್ಯಾರಿಸ್ ಪ್ರದರ್ಶನದಲ್ಲಿಯೇ, ಚಕ್ರದ ಗುಂಬದೊಳಗೆ ವಿದ್ಯುತ್ ಯಂತ್ರವನ್ನು ಅಡಗಿಸಿದ ಅವನ ಗಾಡಿಯನ್ನು ಜನರು ಕಂಡರು. 1931ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಅವನ ನಕಾಶೆಯ ಕಚೇರಿ ಸ್ಥಾಪನೆಯಾಯಿತು. ಅವನ ಹೆಸರನ್ನು ಹೊತ್ತ ಮೊದಲ ಓಟದ ಗಾಡಿ 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್ ಎಂಬ ಸಣ್ಣ ಊರಿನಲ್ಲಿ ಸಿದ್ಧವಾಯಿತು. ಅದನ್ನು ಮಾಡಿಸಿದವನು ಮಗನಾದ ಫೆರಿ. 1963ರಲ್ಲಿ ಫ್ರಾಂಕ್‌ಫರ್ಟಿನಲ್ಲಿ 901 ಎಂಬ ಸಂಖ್ಯೆಯ ಗಾಡಿಯನ್ನು ತೋರಿಸಿದರು. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತಮ್ಮವೆಂದು ಫ್ರಾನ್ಸಿನ ಪೆಜೋ ಸಂಸ್ಥೆಯವರು ಆಕ್ಷೇಪಿಸಲಾಗಿ, ಸೊನ್ನೆಯನ್ನು ಒಂದಾಗಿ ತಿದ್ದಿದರು. ಹೀಗೆ ಹುಟ್ಟಿದ 911 ಎಂಬುದೇ ನಮ್ಮ ಮಗನ ಕನಸಿನ ಕುದುರೆ. 2017ರಲ್ಲಿ ಇದರ ಹತ್ತು ಲಕ್ಷದ ಗಾಡಿಯು ಕಾರ್ಖಾನೆಯಿಂದ ಹೊರಬಿದ್ದಿತು.

ಇದರ ವಿಚಿತ್ರವೇನೆಂದರೆ ಎಂಜಿನ್ನು ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇರುವುದು. ನೊಗಕ್ಕೆ ಎತ್ತನ್ನು ಹೂಡದೆ ಗಾಡಿಯ ಹಿಂದೆ ಹೂಡಿದಂತೆ! ಇದರಿಂದ ಹಿಂದಿನ ಚಕ್ರಗಳು ನೆಲವನ್ನು ಗಟ್ಟಿಯಾಗಿ ಕಚ್ಚುವುವು. ಗಾಡಿಯು ನಿಂತಲ್ಲಿಂದ ನೆಗೆದು ಹೊರಡುವುದು. ಆದರೆ ತಿರುವಿನಲ್ಲಿ ಚಾಲಕನು ಅಂಜಿ ಥಟ್ಟನೆ ಕಾಲನ್ನು ತೆಗೆದನೋ, ಹಿಂದಿನ ಭಾರವು ತೂಗಿ ಬಾಲವು ಮುಂದಕ್ಕೆ ಬರಲೆಳಸುವುದು. ಈ ದೋಷವನ್ನು ಕಿತ್ತೆಸೆಯದೆ, ಆರು ದಶಕಗಳ ಕಾಲ ಅದನ್ನೇ ತಿದ್ದಿ, ಪಳಗಿಸಿ, ಗುಣವನ್ನಾಗಿ ಮಾಡಿಕೊಂಡಿರುವರು. ಹಟಮಾರಿ ಶಿಷ್ಯನನ್ನು ಶಾಲೆಯಿಂದ ಓಡಿಸದೆ ವಿದ್ವಾಂಸನನ್ನಾಗಿ ಮಾಡಿದ ಉಪಾಧ್ಯಾಯರ ನೆನಪು ನಮಗೆ ಬಂದಿತು. ಬಿರುಕು ಇನ್ನಷ್ಟು ಅಗಲವಾಯಿತು.

ಹಾಗಾದರೆ ಈ ಬೆಲೆ ಎಲ್ಲಿಂದ ಬಂದುದು? ಇಲ್ಲಿ ನಮ್ಮ ವ್ಯಾಕರಣವು ನಮಗೆ ಸಹಾಯಕ್ಕೆ ಬಂದಿತು. ಪಾಣಿನಿಯು ಮೂಲ ಶಬ್ದದಿಂದ ಮೂಲ್ಯ ಶಬ್ದವನ್ನು ಒಂದೇ ಸೂತ್ರದಲ್ಲಿ ಎರಡು ಅರ್ಥಗಳಿಗಾಗಿ ಸಾಧಿಸಿರುವನು. ಮೂಲಕ್ಕೆ ಸಮನಾದುದು ಮೂಲ್ಯವೆಂಬುದು ಒಂದು. ಮೂಲದಿಂದ ಬಗ್ಗಿಸಲ್ಪಡತಕ್ಕುದು ಮೂಲ್ಯವೆಂಬುದು ಮತ್ತೊಂದು. ವ್ಯಾಖ್ಯಾನಕಾರರು ಬಟ್ಟೆಯ ದೃಷ್ಟಾಂತವನ್ನು ಕೊಡುವರು. ಬಟ್ಟೆಯನ್ನು ನೇಯುವುದಕ್ಕೆ ತಗಲಿದುದು ಮೂಲ. ಲಾಭದೊಡನೆ ಕೂಡಿ ಅದನ್ನು ಮೀರಿದುದು ಮೂಲ್ಯ. ಈ ಎರಡು ಅರ್ಥಗಳನ್ನು ಬೇರ್ಪಡಿಸದೆ ನಾವು ಯಾವುದನ್ನು ದುಬಾರಿಯೆಂದರೂ ಅದು ಕುರುಡು ಮಾತು.

ಮೊದಲನೆಯ ಅರ್ಥದಲ್ಲಿ ನೋಡೋಣ. ಸಂಸಾರಕ್ಕೆ ಬೇಕಾದ ಸಾಧಾರಣ ಗಾಡಿಗಳನ್ನು ಲಕ್ಷಗಟ್ಟಲೆ ಮಾಡುವರು. ಒಂದು ನಕಾಶೆಯ ಖರ್ಚು ಅಷ್ಟು ಗಾಡಿಗಳಲ್ಲಿ ಹಂಚಿಹೋಗುವುದು. ಈ 911 ಗಾಡಿಗಳೋ 2023ರಲ್ಲಿ ಇಡೀ ಲೋಕಕ್ಕೆ ಮಾರಿದುದು ಐವತ್ತು ಸಾವಿರಕ್ಕೆ ಸ್ವಲ್ಪ ಹೆಚ್ಚು. ಗಂಟೆಗೆ 290 ಕಿಲೋಮೀಟರಿಗೂ ಮೇಲೆ ಓಡಬಲ್ಲ ಗಾಡಿಗೆ ಅಷ್ಟು ವೇಗವನ್ನು ನುಂಗಬಲ್ಲ ಬ್ರೇಕು ಬೇಕು. ವೇಗವು ಎರಡರಷ್ಟಾದರೆ ನಿಲ್ಲಿಸಬೇಕಾದ ಶಕ್ತಿಯು ನಾಲ್ಕರಷ್ಟಾಗುವುದೆಂದು ವಿಜ್ಞಾನದ ಮೇಷ್ಟರು ಹೇಳುತ್ತಿದ್ದರಲ್ಲವೇ? ಆ ಬ್ರೇಕು, ಆ ಟೈರು, ತಿರುವಿನಲ್ಲಿ ಎಣ್ಣೆಯು ಒಂದು ಕಡೆಗೆ ಸರಿದು ಎಂಜಿನ್ನು ಬರಡಾಗದಂತೆ ಮಾಡಿದ ಏರ್ಪಾಡು, ಇವೆಲ್ಲ ಮೂಲದ ಲೆಕ್ಕಕ್ಕೆ ಸೇರಿದುವು. ಎರಡನೆಯ ಅರ್ಥವನ್ನೂ ಮರೆಯಲಾಗದು. ಅದೇ 2023ರಲ್ಲಿ ಈ ಸಂಸ್ಥೆಯು ನೂರು ರೂಪಾಯಿಯ ಮಾರಾಟದಲ್ಲಿ ಹದಿನೆಂಟು ರೂಪಾಯಿಯನ್ನು ವ್ಯಾಪಾರದ ಲಾಭವಾಗಿ ಉಳಿಸಿಕೊಂಡಿತು. ಮೋಟಾರಿನ ಉದ್ಯಮದಲ್ಲಿ ಇದು ಸಣ್ಣ ಮಾತಲ್ಲ. ಹೆಸರಿಗಾಗಿ, ಬಿಲ್ಲೆಗಾಗಿ, ನೆರೆಯವನು ತಿರುಗಿ ನೋಡಲೆಂಬ ಆಸೆಗಾಗಿ ಕೊಟ್ಟ ಹಣವೂ ಅದರೊಳಗೆ ಇದ್ದೇ ಇರುವುದು.

ಆ ಶನಿವಾರ ಮಗನು ಒಂದು ದಿನದ ಬಾಡಿಗೆಗೆ ಅಂತಹುದೇ ಗಾಡಿಯನ್ನು ತಂದು ನಮ್ಮನ್ನು ಕುಳ್ಳಿರಿಸಿದನು. ಕುಳಿತುಕೊಳ್ಳುವುದೆಂದರೆ ನಮ್ಮ ವಯಸ್ಸಿನಲ್ಲಿ ಬಾವಿಗೆ ಇಳಿದಂತೆ. ಆ ದೇಶದ ಮಹಾಮಾರ್ಗಗಳ ಕೆಲವು ಭಾಗಗಳಲ್ಲಿ ವೇಗಕ್ಕೆ ಮಿತಿಯಿಲ್ಲ. ಗಂಟೆಗೆ 130 ಕಿಲೋಮೀಟರು ಯುಕ್ತವೆಂಬ ಹಿತವಚನ ಮಾತ್ರ ಇರುವುದು. ಮಿತಿಯ ಫಲಕವು ಮುಗಿದೊಡನೆ ಬೆನ್ನನ್ನು ಯಾರೋ ದಿಂಬಿಗೆ ಒತ್ತಿ ಹಿಡಿದಂತಾಯಿತು. ಮುಳ್ಳು 210ನ್ನು ಮುಟ್ಟಿತು. ನಾವು ಮನಸ್ಸಿನಲ್ಲಿ ಆಂಜನೇಯನನ್ನು ನೆನೆದುದನ್ನು ಮರೆಮಾಚುವುದಿಲ್ಲ. ಅಷ್ಟರಲ್ಲಿ ದೂರದಲ್ಲಿ ಒಂದು ಲಾರಿಯು ಪಕ್ಕದ ಸಾಲಿನಿಂದ ನಮ್ಮ ಸಾಲಿಗೆ ಸರಿಯಿತು. ಮಗನು ಬ್ರೇಕನ್ನು ಒತ್ತಿದನು. ಕೂಗಿಲ್ಲ, ಓಲಾಟವಿಲ್ಲ; ದೊಡ್ಡದೊಂದು ಕೈ ಹಿಡಿದು ನಿಲ್ಲಿಸಿದಂತೆ ಗಾಡಿಯು ತಗ್ಗಿತು. ಆಗ ಮಗನ ಮುಖವನ್ನು ನೋಡಿದೆವು. ಹತ್ತನೆಯ ವಯಸ್ಸಿನಲ್ಲಿ ಗೋರೂರಿನ ಕಟ್ಟೆಯಿಂದ ನೀರು ಧುಮುಕುವುದನ್ನು ಮೊದಲ ಬಾರಿ ಕಂಡಾಗ ಇದ್ದ ಮುಖವೇ ಅದು. ನಡುವಿನ ಇಪ್ಪತ್ತೆರಡು ವರ್ಷಗಳಲ್ಲಿ ಪರೀಕ್ಷೆ, ಅಂಕ, ಉದ್ಯೋಗ ಎಂದು ನಾವು ಅಟ್ಟಿಸಿದ ಓಟದಲ್ಲಿ ಆ ಮುಖವು ಎಲ್ಲಿ ಹೋಗಿದ್ದಿತೋ! ಮನೆಗೆ ಬರುವ ಹೊತ್ತಿಗೆ ನಾವು ಪೂರ್ತಿಯಾಗಿ ಅವನ ಪಕ್ಷ. "ನೀನು ದುಡಿದ ಹಣ, ತೆಗೆದುಕೋ" ಎಂಬ ಮಾತು ನಾಲಗೆಯ ತುದಿಯಲ್ಲಿದ್ದಿತು.

ಅದನ್ನು ನುಡಿಯದೆ ಇದ್ದುದು ಈಶ್ವರಕೃಪೆ. ಏಕೆಂದರೆ ಮಂಗಳವಾರ, ಮಗನು ಕಚೇರಿಗೆ ಹೋದ ಬಳಿಕ, ಸೊಸೆಯು ನಮ್ಮನ್ನು ಫೋರ್ಟ್ಸ್‌ಹೈಮ್ ಎಂಬ ಊರಿಗೆ ರೈಲಿನಲ್ಲಿ ಕರೆದುಕೊಂಡು ಹೋದಳು. ನಮ್ಮ ಮನೆಯಾಕೆಯು ಮಗುವಿನೊಡನೆ ಮನೆಯಲ್ಲಿ ನಿಂತಳು. ಫೋರ್ಟ್ಸ್‌ಹೈಮ್ ಕಪ್ಪು ಕಾಡಿನ ಹೆಬ್ಬಾಗಿಲು. ಎನ್ಜ್, ನಾಗೋಲ್ಡ್, ವ್ಯೂರ್ಮ್ ಎಂಬ ಮೂರು ನದಿಗಳು ಕೂಡುವ ತ್ರಿವೇಣಿ. ಚಿನ್ನದ ಒಡವೆ ಮತ್ತು ಗಡಿಯಾರಗಳ ಕೆಲಸಕ್ಕೆ ಪ್ರಸಿದ್ಧವಾದ ಅಕ್ಕಸಾಲೆಗಳ ಊರು. 1945ರ ಫೆಬ್ರುವರಿ 23ರ ರಾತ್ರಿ ಆಕಾಶದಿಂದ ಸುರಿದ ಬೆಂಕಿಯಲ್ಲಿ ಈ ಊರಿನ ಹದಿನೇಳು ಸಾವಿರದಷ್ಟು ಮಂದಿ ಸತ್ತರು. ಇಂದು ಕಾಣುವುದು ಬಹುಮಟ್ಟಿಗೆ ಆಮೇಲೆ ಕಟ್ಟಿದುದು. ಒಡವೆಗಳ ಪ್ರದರ್ಶನ ಶಾಲೆಯನ್ನು ನೋಡಿ, ನದಿಯ ದಡದಲ್ಲಿ ಕುಳಿತು, ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆಯನ್ನು ತಿಂದೆವು.

ಮೋಟಾರು ಗಾಡಿಯ ಚರಿತ್ರೆಯಲ್ಲಿ ಈ ಊರಿಗೆ ಒಂದು ದೊಡ್ಡ ಸ್ಥಾನವಿರುವುದೆಂದು ಸೊಸೆಯು ಹೇಳಿದಳು. 1849ರಲ್ಲಿ ಇಲ್ಲಿ ಹುಟ್ಟಿದ ಬೆರ್ತಾ ಎಂಬ ಹೆಣ್ಣುಮಗಳು ಕಾರ್ಲ್ ಬೆನ್ಜನನ್ನು ವಿವಾಹವಾದಳು. ಮದುವೆಗೆ ಮುಂಚೆಯೇ ತನಗೆ ಬರಬೇಕಾಗಿದ್ದ ವಧುಧನವನ್ನು ತಂದೆಯಿಂದ ಮೊದಲೇ ಪಡೆದು, ಮುಳುಗುತ್ತಿದ್ದ ಅವನ ಕಮ್ಮಟವನ್ನು ಉಳಿಸಿದಳು. 1886ರ ಜನವರಿ 29ರಂದು ಅವನು ತನ್ನ ಮೂರು ಚಕ್ರದ ಗಾಡಿಗೆ ಸನ್ನದನ್ನು ಕೋರಿದನು. ಗಾಡಿ ಸಿದ್ಧ, ಕೊಳ್ಳುವವರಿಲ್ಲ. 1888ರ ಆಗಸ್ಟಿನಲ್ಲಿ ಬೆರ್ತಾ ಗಂಡನಿಗೆ ತಿಳಿಸದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಈ ತವರೂರಿಗೆ ಗಾಡಿಯಲ್ಲಿ ಬಂದಳು. ದಾರಿಯಲ್ಲಿ ಎಣ್ಣೆ ಮುಗಿಯಲು ವೀಸ್‌ಲೋಖ್ ಎಂಬಲ್ಲಿ ಔಷಧದ ಅಂಗಡಿಯಲ್ಲಿ ಕೊಂಡಳು. ನಳಿಗೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು. ಬ್ರೇಕು ಸವೆಯಲು ಚಮ್ಮಾರನಿಂದ ತೊಗಲನ್ನು ಹೊಡೆಸಿದಳು. ಏರಿನಲ್ಲಿ ಮಕ್ಕಳು ತಳ್ಳಿದರು. ಆ ಪ್ರಯಾಣದ ಬಳಿಕ ಲೋಕಕ್ಕೆ ಮೋಟಾರಿನ ಮೇಲೆ ನಂಬಿಕೆ ಹುಟ್ಟಿತು.

ಇದೇ ಊರಿನಲ್ಲಿ 1900ರಲ್ಲಿ ಹುಟ್ಟಿದ ಇನ್ನೊಬ್ಬನು ಆಡೋಲ್ಫ್ ರೋಜೆನ್‌ಬೆರ್ಗರ್. ಯಹೂದ್ಯ, ಓಟದ ಪಂದ್ಯಗಳಲ್ಲಿ ಗೆದ್ದವನು. 1931ರಲ್ಲಿ ಪೋರ್ಷೆಯ ಕಚೇರಿಯು ಹುಟ್ಟಿದಾಗ ಹಣವನ್ನು ಹಾಕಿ, ನೂರಕ್ಕೆ ಹತ್ತರ ಪಾಲುದಾರನಾಗಿ, ಹಣಕಾಸಿನ ಭಾರವನ್ನು ಹೊತ್ತವನು. ನಾಜಿಗಳ ಕಾಲ ಬಂದಿತು. 1935ರಲ್ಲಿ ಅವನ ಪಾಲು ಕೈಬಿಟ್ಟುಹೋಯಿತು. ಅದೇ ವರ್ಷ ಅವನನ್ನು ಹಿಡಿದು ಕಿಸ್ಲಾವ್ ಎಂಬ ಬಂದೀಶಿಬಿರದಲ್ಲಿರಿಸಿದರು. ಬಿಡುಗಡೆಯಾಗಿ ದೇಶಬಿಟ್ಟು, ಕೊನೆಗೆ ಅಮೆರಿಕೆಯನ್ನು ಸೇರಿ, 1967ರಲ್ಲಿ ಬೇರೊಂದು ಹೆಸರಿನಲ್ಲಿ ತೀರಿಕೊಂಡನು. ಬಹುಕಾಲ ಅವನ ಹೆಸರನ್ನು ಬಲ್ಲವರು ವಿರಳ.

ಕೇಳಿ ನಾವು, "ಇಬ್ಬರೂ ಮೂಲವನ್ನು ಕೊಟ್ಟವರು, ಬಿಲ್ಲೆಯ ಮೇಲೆ ಇಬ್ಬರ ಹೆಸರೂ ಇಲ್ಲ" ಎಂದೆವು. ಬೆನ್ಜ್ ಎಂಬ ಹೆಸರೇನೋ ಉಂಟು, ಆದರೆ ಅದು ಗಂಡನದು.

ಸೊಸೆಯು ಸ್ವಲ್ಪ ಹೊತ್ತು ನೀರನ್ನು ನೋಡುತ್ತಿದ್ದು, "ಮಾವ, ಒಂದು ಮಾತು ಹೇಳಲೇ? ತಪ್ಪು ತಿಳಿಯಬೇಡಿ" ಎಂದಳು. "ಹೇಳಮ್ಮ" ಎಂದೆವು.

"ಆ ಐವತ್ತು ಸಾವಿರದಲ್ಲಿ ಹೆಚ್ಚು ಕಡಮೆ ಅರ್ಧ ನಾನು ಕೆಲಸ ಮಾಡುತ್ತಿದ್ದಾಗ ಕೂಡಿಟ್ಟದ್ದು. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಈಗ ಎರಡು ವರ್ಷ ಇಲ್ಲಿಯೇ ಓದಿದರೆ ನನ್ನ ವಿಷಯದಲ್ಲಿಯೇ ಪುನಃ ಕೆಲಸ ಸಿಕ್ಕುತ್ತದೆ. ಆ ಎರಡು ವರ್ಷ ಮಗುವನ್ನು ನೋಡಿಕೊಳ್ಳುವವರಿಗೆ, ಮನೆ ಖರ್ಚಿಗೆ, ಆ ಹಣ ಬೇಕು. ಅವರಿಗೆ ಗಾಡಿಯ ಮೇಲೆ ಅಷ್ಟು ಆಸೆ ಇರುವಾಗ ಹೇಗೆ ಹೇಳಲಿ ಎಂದು ಸುಮ್ಮನಿದ್ದೆ."

ನಾವು ಉತ್ತರ ಹೇಳಲಾರದೆ ಹೋದೆವು. ಪಾಣಿನಿಯನ್ನು ಹಿಡಿದು ಕಾರ್ಖಾನೆಯವನ ಮೂಲವನ್ನು ಅಳೆದೆವು, ಲಾಭವನ್ನು ಅಳೆದೆವು, ಬ್ರೇಕನ್ನು ಕೂಡ ಅಳೆದೆವು. ಕೊಳ್ಳುವವನ ಕೈಯಲ್ಲಿರುವ ಮೂಲವು ಯಾರದು ಎಂಬ ಪ್ರಶ್ನೆಯು ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಆ ಮೊದಲ ದಿನ ಅವಳು ತಲೆಯನ್ನೆತ್ತದೆ ಅನ್ನ ಕಲಸುತ್ತಿದ್ದುದನ್ನು ಕಂಡೂ ನಾವು ಕಂಡಿರಲಿಲ್ಲ. "ನೀನು ದುಡಿದ ಹಣ" ಎಂದು ಮಗನಿಗೆ ಹೇಳಲು ಹೊರಟಿದ್ದ ನಾಲಗೆಯ ವಿಷಯದಲ್ಲಿ ನಮಗೆ ನಾಚಿಕೆಯಾಯಿತು. ಅದಕ್ಕಿಂತಲೂ ಹಿಂದಿನದೊಂದು ನೆನಪು ಇನ್ನೂ ಹೆಚ್ಚಾಗಿ ಚುಚ್ಚಿತು. ನಮ್ಮ ಮೊದಲ ಸ್ಕೂಟರನ್ನು ಕೊಂಡಾಗ ಮನೆಯಾಕೆಯ ತವರಿನ ಎರಡು ಬಳೆಗಳು ಹೋಗಿದ್ದುವು. ಬಿಡಿಸಿಕೊಡುವೆವೆಂದು ಹೇಳಿದ್ದೆವು. ಹೇಳಿದುದು ಹೇಳಿದುದಾಗಿಯೇ ಉಳಿಯಿತು. ಆಕೆ ಒಂದು ದಿನವೂ ಕೇಳಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಮಗನು, "ಅಣ್ಣ, ಏನು ತೀರ್ಮಾನ ಮಾಡಿದಿರಿ?" ಎಂದು ಕೇಳಿದನು. "ಗಾಡಿಯ ಮಟ್ಟಿಗೆ ಕೇಳಿದರೆ, ಅದನ್ನು ಮಾಡಿದವರ ಕೈಗೆಲಸಕ್ಕೆ ಆ ಬೆಲೆ ಅನ್ಯಾಯವಲ್ಲ. ಮೊದಲು ಅನ್ಯಾಯವೆಂದುಕೊಂಡಿದ್ದೆವು, ತಿದ್ದಿಕೊಂಡಿದ್ದೇವೆ. ಆದರೆ ಕೊಳ್ಳಬಹುದೇ ಎಂಬುದನ್ನು ನಮ್ಮನ್ನು ಕೇಳಬೇಡಪ್ಪ. ಆ ಹಣದಲ್ಲಿ ನಮ್ಮದೊಂದು ಕಾಸೂ ಇಲ್ಲ. ಯಾರದು ಇದೆಯೋ ಅವರನ್ನು ಕೇಳು" ಎಂದೆವು. ಅವನು ಹೆಂಡತಿಯ ಕಡೆಗೆ ತಿರುಗಿದನು. ನಾವು ದಂಪತಿಗಳು ಮಗುವನ್ನೆತ್ತಿಕೊಂಡು ಹೊರಗೆ ಬಂದುಬಿಟ್ಟೆವು. ಕೆಳಗೆ ಬೋಗುಣಿಯ ತುಂಬ ದೀಪಗಳು. ಒಳಗೆ ಮಾತು ಬಹಳ ಹೊತ್ತು ನಡೆಯಿತು. ಒಂದೆರಡು ಸಲ ದನಿಯೂ ಏರಿತು.

ಅಕ್ಟೋಬರಿನಲ್ಲಿ ಸೊಸೆಯು ವಿಶ್ವವಿದ್ಯಾಲಯಕ್ಕೆ ಸೇರಿದಳು. ಮಗನು ಗಾಡಿಯನ್ನು ಕೊಳ್ಳಲಿಲ್ಲ, ಆಸೆಯನ್ನೂ ಬಿಡಲಿಲ್ಲ. ಹುಟ್ಟಿದ ಹಬ್ಬದ ದಿನ ಒಂದು ದಿನದ ಬಾಡಿಗೆಗೆ ತಂದು ಓಡಿಸಿದನಂತೆ, ಪಕ್ಕದಲ್ಲಿ ಕುಳಿತವಳು ಸೊಸೆಯಂತೆ. ಅವಳಿಗೆ ಕೆಲಸವಾದ ಮೇಲೆ ಇಬ್ಬರೂ ಸೇರಿ ಪುನಃ ಲೆಕ್ಕ ಹಾಕುವರಂತೆ. ಆಗ ಕೊಂಡರೆ ನಾವು ಸಂತೋಷಪಡುವೆವು.

ಇಂತಹ ವಸ್ತುವಿಗೆ ಇಷ್ಟು ಬೆಲೆಯು ಯೋಗ್ಯವೇ ಎಂದು ಮನೆಯಲ್ಲಿ ವಿಚಾರ ಬಂದಾಗ, ಅದು ಮೋಟಾರಾಗಲಿ ಒಡವೆಯಾಗಲಿ, ವಸ್ತುವನ್ನು ಪರೀಕ್ಷಿಸಿದಷ್ಟೇ ಶ್ರದ್ಧೆಯಿಂದ ಹಣದ ಮೂಲವನ್ನೂ ಪರೀಕ್ಷಿಸಬೇಕೆಂದು ನಮ್ಮ ವಾಚಕರಲ್ಲಿ ವಿಜ್ಞಾಪಿಸಿಕೊಳ್ಳುವೆವು. ಹೇಳುವ ಅಧಿಕಾರವು ನಮಗೆ ಪೂರ್ತಿಯಾಗಿ ಬರಲೆಂದು, ಊರಿಗೆ ಬಂದ ವಾರದಲ್ಲಿ ನಿವೃತ್ತಿಯ ಹಣದಿಂದ ಎರಡು ಬಳೆಗಳನ್ನು ಮಾಡಿಸಿದೆವು. ಮನೆಯಾಕೆ ಅವುಗಳನ್ನು ತೊಟ್ಟು ನೋಡಿ, "ಆಗಿನವು ಇದಕ್ಕಿಂತ ತೂಕವಾಗಿದ್ದುವು" ಎಂದಳು. ಇದ್ದಿರಬೇಕು.